ಹೆಸರಿಗಲ್ಲ, ಆ ರಾತ್ರಿಗೆ ಅಂಕ: ನಾನು ಬಾಕ್ಸರ್‌ಗಳ ಪಟ್ಟಿ ಮಾಡಿದ ಬಗೆ

ಈ ಕಾಲದ ಅತಿ ದೊಡ್ಡ ಬಾಕ್ಸರ್ ಯಾರು ಅಂತ ಕೇಳಿದರೆ ಹೆಚ್ಚಿನವರು ಗೆಲುವು ಸೋಲಿನ ಲೆಕ್ಕ ಮುಂದಿಡುತ್ತಾರೆ. ಫ್ಲಾಯ್ಡ್ ಮೇವೆದರ್ 50ಕ್ಕೆ 50 ಗೆದ್ದಿದ್ದಾರೆ, ಇನ್ನೇನು ಬೇಕು ಅನ್ನುತ್ತಾರೆ. ನನಗೆ ಅದು ಸಾಕಾಗಲಿಲ್ಲ. ಯಾರನ್ನು ಗೆದ್ದರು, ಗೆದ್ದ ದಿನ ಆ ಎದುರಾಳಿ ಎಷ್ಟು ಗಟ್ಟಿಯಾಗಿದ್ದ ಅನ್ನೋದು ತಿಳಿಯದೆ ಬರೀ ಸಂಖ್ಯೆಗೆ ಬೆಲೆ ಕಟ್ಟೋದು ಹೇಗೆ? ಅದಕ್ಕೇ ನನ್ನದೇ ಒಂದು ಪಟ್ಟಿ ಮಾಡಲು ಕೂತೆ.

ಮೊದಲು ಗಡಿ ಹಾಕಿಕೊಂಡೆ. 2000ದ ಜನವರಿಯಿಂದ 2025ರ ಕೊನೆಯವರೆಗಿನ ವೃತ್ತಿಪರ ಪಂದ್ಯಗಳು ಮಾತ್ರ. ಒಲಿಂಪಿಕ್ ಪದಕ ಲೆಕ್ಕಕ್ಕಿಲ್ಲ. ಮಹಿಳೆಯರ ಪಟ್ಟಿ ಬೇರೆ. ಅವರ ಸುತ್ತುಗಳು ಹೆಚ್ಚಾಗಿ ಎರಡೇ ನಿಮಿಷದವು, ಆಟದ ಓಟವೇ ಬೇರೆ. ಈ ಗಡಿಯಿಂದ ಕೆಲವರಿಗೆ ಪೆಟ್ಟು ಬಿತ್ತು. ರಾಯ್ ಜೋನ್ಸ್ 2003ರಲ್ಲಿ ಜಾನ್ ರೂಯಿಸ್ ಅವರನ್ನು ಸೋಲಿಸಿ ಅತಿ ಭಾರದ ವಿಭಾಗವಾದ ಹೆವಿವೇಟ್‌ನ ಚಾಂಪಿಯನ್ ಬೆಲ್ಟ್ ತೊಟ್ಟರು ನಿಜ. ಆದರೆ ಅವರ ಒಳ್ಳೆಯ ವರ್ಷಗಳೆಲ್ಲ 90ರ ದಶಕದವು. ಅಷ್ಟು ಇಷ್ಟದ ಬಾಕ್ಸರನ್ನು ಹೊರಗಿಡುವಾಗ ಸಂಕಟವಾಯಿತು. ಮ್ಯಾನಿ ಪಕಿಯಾವೊ ಎಂಟು ತೂಕದ ವಿಭಾಗಗಳಲ್ಲಿ ವಿಶ್ವ ಪಟ್ಟ ಗೆದ್ದವರು. 1998ರ ಫ್ಲೈವೇಟ್ ಗೆಲುವು ನನ್ನ ಗಡಿಯಾಚೆ ಹೋಯಿತು, ಏಳು ಉಳಿದವು.

ಆಮೇಲೆ ನೋಡುವ ಕೆಲಸ. ಅಮೆರಿಕದ ಶನಿವಾರ ರಾತ್ರಿ ನಮಗೆ ಭಾನುವಾರ ಬೆಳಿಗ್ಗೆ, ಹಾಗಾಗಿ ಎಷ್ಟೋ ದೊಡ್ಡ ಪಂದ್ಯಗಳನ್ನು ತಿಂಡಿ ಹೊತ್ತಿಗೆ ನೇರವಾಗಿ ನೋಡಿದ್ದೆ. ಪಟ್ಟಿಗಾಗಿ ಅವನ್ನೇ ಮತ್ತೆ ನೋಡಿದೆ, ಈ ಸಲ ಸೌಂಡ್ ತೆಗೆದು. ಕಾಮೆಂಟರಿ ಒಬ್ಬನ ಕಡೆ ವಾಲಿದರೆ ನಮ್ಮ ಕಣ್ಣೂ ಅತ್ತ ವಾಲುತ್ತದೆ. ಜನ ಹೋ ಅಂದಾಗ ಕೈಗವಸಿಗೆ ತಾಗಿದ ಪಂಚ್ ಕೂಡ ಮುಖಕ್ಕೆ ಬಿದ್ದ ಹಾಗೆ ಕಾಣುತ್ತದೆ. ಸದ್ದಿಲ್ಲದೆ ನೋಡಿದರೆ ಕಾಲಿನ ಕೆಲಸ ಕಾಣುತ್ತದೆ, ಯಾರ ಜಾಬ್ (ಮುಂದಿನ ಕೈಯಿಂದ ನೇರವಾಗಿ ಬಿಡುವ ಚುರುಕು ಪಂಚ್) ನಿಜವಾಗಿ ತಲುಪುತ್ತಿದೆ ಅನ್ನೋದು ತಿಳಿಯುತ್ತದೆ.

ಪ್ರತಿ ಸುತ್ತು ಮುಗಿದ ಕೂಡಲೇ ಪಾಸ್ ಒತ್ತಿ ಅಂಕ ಬರೆದೆ. ಸುತ್ತು ಗೆದ್ದವರಿಗೆ 10, ಸೋತವರಿಗೆ 9, ಒಂದು ಸಲ ನೆಲಕ್ಕೆ ಬಿದ್ದರೆ 8. ಯಾರಿಗೆ ಕೊಟ್ಟರೂ ನಡೆಯುತ್ತದೆ ಅನ್ನುವಂಥ ಸುತ್ತಿಗೆ ಪಕ್ಕದಲ್ಲಿ ಸೊನ್ನೆ ಸುತ್ತಿದೆ. ಪಂದ್ಯದ ಫಲಿತಾಂಶ ಆ ಸೊನ್ನೆ ಸುತ್ತಿದವುಗಳ ಮೇಲೇ ನಿಂತಿದ್ದರೆ, ತೀರ್ಪು ಏನೇ ಬಂದಿರಲಿ, ನನ್ನ ಲೆಕ್ಕದಲ್ಲಿ ಇಬ್ಬರೂ ಸಮ. ನನ್ನ ಪಟ್ಟಿಯಲ್ಲಿ ಇದರಷ್ಟು ಉಪಯೋಗಕ್ಕೆ ಬಂದ ನಿಯಮ ಇನ್ನೊಂದಿಲ್ಲ.

2004ರ ಪಕಿಯಾವೊ ಮತ್ತು ಹುವಾನ್ ಮ್ಯಾನುಯೆಲ್ ಮಾರ್ಕೆಜ್ ಪಂದ್ಯ ನೋಡಿ. ಮೊದಲ ಸುತ್ತಲ್ಲೇ ಮಾರ್ಕೆಜ್ ಮೂರು ಸಲ ನೆಲಕ್ಕೆ ಬಿದ್ದರು. ಮೂಗಿನಿಂದ ರಕ್ತ. ಅಲ್ಲಿಗೆ ಮುಗಿಯಿತು ಅಂದುಕೊಂಡರೆ, ಆ ಮನುಷ್ಯ ಎದ್ದು ನಿಂತು, ಪಕಿಯಾವೊ ಎಡಗೈ ಬರುವ ಹೊತ್ತನ್ನು ಸುತ್ತಿಂದ ಸುತ್ತಿಗೆ ಕಲಿಯುತ್ತಾ ಹೋದರು. ಎಡಗೈ ಹೊರಟ ಕ್ಷಣಕ್ಕೇ ಬಲಗೈ ಬಿಡಲು ಶುರುಮಾಡಿದರು. ಪಂದ್ಯ ಡ್ರಾ ಆಯಿತು. ಇಬ್ಬರು ಜಡ್ಜ್‌ಗಳು ಮೊದಲ ಸುತ್ತಿಗೆ 10-6 ಕೊಟ್ಟಿದ್ದರು, ಮೂರನೆಯವರು 10-7. ಮೂರನೆಯವರೂ 10-6 ಕೊಟ್ಟಿದ್ದರೆ ಗೆಲುವು ಪಕಿಯಾವೊದು. ಇಂಥ ಕಡೆ ಫಲಿತಾಂಶದ ಪುಸ್ತಕ ನಂಬಿ ಕೂತರೆ ಏನು ಗೊತ್ತಾಗುತ್ತದೆ ಹೇಳಿ?

ಇನ್ನು ಎದುರಾಳಿಯ ಗಟ್ಟಿತನ. ಒಂದು ಗೆಲುವಿಗೆ ಅಂಕ ಕೊಡುವ ಮೊದಲು, ಸೋತವರು ಅದಕ್ಕೆ ಮುಂಚೆ ಏನು ಮಾಡಿದ್ದರು, ಆಮೇಲೆ ಏನು ಮಾಡಿದರು ಅಂತ ನೋಡಿದೆ. ಆಮೇಲಿನದು ಜಾಸ್ತಿ ಮುಖ್ಯ. ಜೋ ಕಾಲ್ಜಾಗಿ 2008ರಲ್ಲಿ ಇಬ್ಬರು ಹೆಸರಾಂತರನ್ನು ಸೋಲಿಸಿದರು. ಏಪ್ರಿಲ್‌ನಲ್ಲಿ 43ರ ಬರ್ನಾರ್ಡ್ ಹಾಪ್ಕಿನ್ಸ್, ನವೆಂಬರ್‌ನಲ್ಲಿ 39ರ ರಾಯ್ ಜೋನ್ಸ್. ಸುಮ್ನೆ ವಯಸ್ಸು ನೋಡಿದರೆ ಎರಡೂ ಮುದುಕರ ಮೇಲಿನ ಗೆಲುವು. ಆದರೆ ಹಾಪ್ಕಿನ್ಸ್ ಅದೇ ಅಕ್ಟೋಬರ್‌ನಲ್ಲಿ ಸೋಲೇ ಕಾಣದ ಕೆಲ್ಲಿ ಪಾವ್ಲಿಕ್ ಅವರನ್ನು ಹನ್ನೆರಡು ಸುತ್ತು ಆಡಿಸಿ ಗೆದ್ದರು. 2011ರಲ್ಲಿ, 46ನೇ ವಯಸ್ಸಲ್ಲಿ, ಮತ್ತೆ ವಿಶ್ವ ಚಾಂಪಿಯನ್ ಆದರು. ಅಂದರೆ ಕಾಲ್ಜಾಗಿ ಗೆದ್ದದ್ದು ಇನ್ನೂ ಕಸುವಿದ್ದ ಹಾಪ್ಕಿನ್ಸ್ ಮೇಲೆ. ಜೋನ್ಸ್ ಮಾತ್ರ 2004ರಲ್ಲೇ ಎರಡು ಸಲ ನಾಕ್‌ಔಟ್ ಆಗಿ ಇಳಿದುಹೋಗಿದ್ದರು. ಒಂದು ಗೆಲುವಿಗೆ ತುಂಬು ಅಂಕ, ಇನ್ನೊಂದಕ್ಕೆ ಏನೂ ಇಲ್ಲ.

ಪಕಿಯಾವೊಗೂ ಇದೇ ಅಳತೆ. 2008ರಲ್ಲಿ ಅವರು ಆಸ್ಕರ್ ಡಿ ಲಾ ಹೋಯಾ ಮೇಲೆ ಗೆದ್ದದ್ದಕ್ಕೆ ಅರ್ಧ ಅಂಕ ಕೊಟ್ಟೆ. ಡಿ ಲಾ ಹೋಯಾ ತೂಕ ಇಳಿಸಿ ಸೊರಗಿ ಬಂದಿದ್ದರು, ಮತ್ತೆ ರಿಂಗಿಗೆ ಬರಲೂ ಇಲ್ಲ. 2003ರಲ್ಲಿ ಮಾರ್ಕೊ ಆಂಟೊನಿಯೊ ಬರೇರಾ ಮೇಲಿನ ಗೆಲುವಿಗೆ ಪೂರ್ತಿ ಕೊಟ್ಟೆ. ಬರೇರಾ ಮರುವರ್ಷವೇ ಎರಿಕ್ ಮೊರಾಲೆಸ್ ಅವರನ್ನು ಸೋಲಿಸಿದರು.

ಇಷ್ಟೆಲ್ಲ ಕೂಡಿದಾಗ ಮೇಲೆ ನಿಂತದ್ದು ಪಕಿಯಾವೊ. ಗೆಳೆಯನೊಬ್ಬ ಸಿಟ್ಟಿಗೆದ್ದ. "ಅಲ್ಲ ಗುರು, ಒಂದೂ ಸೋಲದವನು ಎರಡನೆಯವನು ಹೇಗಾಗ್ತಾನೆ? ಎದುರಾಬದುರಾ ಆಡಿದಾಗ ಗೆದ್ದಿದ್ದು ಯಾರು?" ಮೇವೆದರ್ ಗೆದ್ದರು, 2015ರಲ್ಲಿ, ನನ್ನ ಕಾಗದದಲ್ಲೂ 116-112. ಅನುಮಾನವೇ ಇಲ್ಲ. ಆದರೆ ಆ ರಾತ್ರಿ ಒಬ್ಬರ ವಯಸ್ಸು 38, ಇನ್ನೊಬ್ಬರದು 36. ಕಾಲು ಶತಮಾನದ ಲೆಕ್ಕವನ್ನು ಅದೊಂದೇ ರಾತ್ರಿಗೆ ಒಪ್ಪಿಸಲು ನಾನು ತಯಾರಿಲ್ಲ. 55 ಕಿಲೋ ವಿಭಾಗದಿಂದ 70 ಕಿಲೋ ವಿಭಾಗದವರೆಗೆ ಏರುತ್ತಾ, ಪ್ರತಿ ಮೆಟ್ಟಿಲಲ್ಲೂ ದೊಡ್ಡವರನ್ನು ಹುಡುಕಿಕೊಂಡು ಹೋದವರು ಪಕಿಯಾವೊ. 40ನೇ ವಯಸ್ಸಲ್ಲಿ ಕೀತ್ ಥರ್ಮನ್ ಅವರನ್ನೂ ಕೆಡವಿ ಗೆದ್ದರು. ಮೇವೆದರ್ ಮೇಲಿನ ಗೌರವ ಇದರಿಂದ ಕಡಿಮೆಯಾಗಿಲ್ಲ. 2001ರಲ್ಲಿ ಡಿಯೆಗೊ ಕೊರಾಲೆಸ್ ಅವರನ್ನು ಐದು ಸಲ ಬೀಳಿಸಿದ ಆಟದಷ್ಟು ಚೊಕ್ಕವಾದದ್ದನ್ನು ನಾನು ನೋಡಿಲ್ಲ. 2002ರಲ್ಲಿ ಹೊಸೆ ಲೂಯಿಸ್ ಕ್ಯಾಸ್ಟಿಯೊ ಜೊತೆಗಿನ ಅವರ ಮೊದಲ ಪಂದ್ಯವನ್ನು ಮಾತ್ರ ನಾನು ಕ್ಯಾಸ್ಟಿಯೊಗೆ ಬರೆದೆ.

ಮೂರನೆಯವರು ಉಕ್ರೇನಿನ ಒಲೆಕ್ಸಾಂಡರ್ ಉಸಿಕ್. ಹೆವಿವೇಟ್‌ಗಿಂತ ಹಗುರವಾದ ಕ್ರೂಸರ್‌ವೇಟ್‌ನಲ್ಲಿ ನಾಲ್ಕು ಸಂಸ್ಥೆಗಳು ಕೊಡುವ ನಾಲ್ಕೂ ಬೆಲ್ಟ್ ಗೆದ್ದು, ಹೆವಿವೇಟ್‌ಗೆ ಹೋಗಿ ಅಲ್ಲೂ ನಾಲ್ಕನ್ನೂ ಗೆದ್ದರು. 2024ರ ಮೇ ತಿಂಗಳ ರಿಯಾದ್ ಪಂದ್ಯದ ಒಂಬತ್ತನೇ ಸುತ್ತಲ್ಲಿ ಎದುರಾಳಿ ಟೈಸನ್ ಫ್ಯೂರಿ ಹಗ್ಗದಿಂದ ಹಗ್ಗಕ್ಕೆ ತೂರಾಡಿದಾಗ ರೆಫರಿ ಅದನ್ನು ನೆಲಕ್ಕೆ ಬಿದ್ದಂತೆ ಎಣಿಸದೇ ಇದ್ದಿದ್ದರೆ, ಫ್ಯೂರಿಗೆ ಆ ಒಂದು ಅಂಕ ಉಳಿದು ಅದು ಡ್ರಾ. ಡಿಸೆಂಬರ್‌ನ ಮರುಪಂದ್ಯದಲ್ಲಿ ಆ ಅನುಮಾನವೂ ಹೋಯಿತು. ನಾಲ್ಕು ಟೆರೆನ್ಸ್ ಕ್ರಾಫರ್ಡ್, ಐದು ಹಾಪ್ಕಿನ್ಸ್, ಆರು ಜಪಾನಿನ ನವೋಯಾ ಇನೊವೆ. ಆಮೇಲೆ ಆಂಡ್ರೆ ವಾರ್ಡ್, ಮೆಕ್ಸಿಕೊದ ಕನೆಲೊ ಅಲ್ವಾರೆಜ್, ಮಾರ್ಕೆಜ್.

ಹತ್ತನೇ ಸ್ಥಾನಕ್ಕೆ ಒದ್ದಾಡಿದೆ. ವ್ಲಾದಿಮಿರ್ ಕ್ಲಿಚ್ಕೊ 2006ರಿಂದ 2015ರವರೆಗೆ ಹೆವಿವೇಟ್ ಆಳಿದರು. ಆದರೆ ಅವರ ಎದುರಾಳಿಗಳಲ್ಲಿ ಆಮೇಲೂ ಎದ್ದು ನಿಂತವರು ಕಡಿಮೆ. ನಿಕರಾಗುವಾದ ರೋಮನ್ ಗೊನ್ಸಾಲೆಸ್ ನಾಲ್ಕು ಚಿಕ್ಕ ತೂಕದ ವಿಭಾಗಗಳಲ್ಲಿ ಗೆದ್ದವರು. 2017ರಲ್ಲಿ ಥಾಯ್ಲೆಂಡಿನ ಸ್ರೀಸಾಕೆಟ್ ಎದುರು ಎರಡು ಸಲ ಸೋತರು. ಮೊದಲನೆಯದನ್ನು ಸದ್ದಿಲ್ಲದೆ ನೋಡಿ, ನಾನು ಗೊನ್ಸಾಲೆಸ್‌ಗೆ ಬರೆದೆ. ಎರಡನೆಯದರಲ್ಲಿ ನಾಕ್‌ಔಟ್ ಆಗಿ, ಎಲ್ಲರೂ ಕೈಬಿಟ್ಟ ಮೇಲೆ, 2020ರಲ್ಲಿ ಮತ್ತೆ ಬೆಲ್ಟ್ ಗೆದ್ದರು. ಹತ್ತನೆಯವರಾಗಿ ಅವರ ಹೆಸರನ್ನೇ ಬರೆದೆ.