ಮ್ಯಾಡ್ರಿಡ್–ಟೊಲೆಡೊ ವೇಗದ ರೈಲು: ಮೊದಲು ವಾಪಸ್ ಟಿಕೆಟ್ ನೋಡಿ

ಮ್ಯಾಡ್ರಿಡ್‌ನಿಂದ ಟೊಲೆಡೊಗೆ ಸ್ಪೇನ್‌ನ ಸರ್ಕಾರಿ ರೈಲು ಸಂಸ್ಥೆ ರೆನ್ಫೆಯ ಅವಾಂತ್ ಎಂಬ ವೇಗದ ರೈಲಿನಲ್ಲಿ ಬರೀ 33 ನಿಮಿಷದ ದಾರಿ. ಸೆವಿಲ್ಲೆ ಕಡೆಗಿನ ವೇಗದ ಹಳಿಯಲ್ಲೇ ಹೊರಡುವ ರೈಲು ಲಾ ಸಾಗ್ರಾ ಬಳಿ ಕವಲೊಡೆದು, ಸುಮಾರು 21 ಕಿ.ಮೀ. ಓಡಿ ಟೊಲೆಡೊ ಸೇರುತ್ತದೆ. 2005ರ ನವೆಂಬರ್‌ನಲ್ಲಿ ಶುರುವಾದ ಈ ಕವಲು ಅಲ್ಲಿಗೇ ಮುಗಿಯುತ್ತದೆ. ಇಳಿಯುವ ಜಾಗ ತಪ್ಪುವ ಭಯವಿಲ್ಲ. ಎಡವಟ್ಟಾಗುವುದೆಲ್ಲ ಹತ್ತುವ ಮೊದಲು, ಇಲ್ಲವೇ ಇಳಿದ ಮೇಲೆ.

ಈ ಮಾರ್ಗದ 104 ಸರಣಿಯ ರೈಲಿಗೆ ನಾಲ್ಕೇ ಬೋಗಿ, 240ಕ್ಕಿಂತ ಕಡಿಮೆ ಸೀಟು. ಪ್ರತಿ ಟಿಕೆಟ್‌ಗೂ ಸೀಟು ಗೊತ್ತುಮಾಡಿರುತ್ತದೆ, ನಿಂತು ಹೋಗುವಂತಿಲ್ಲ. ಅವಾಂತ್ ದರ ಸ್ಥಿರ; ತಿಂಗಳ ಮುಂಚೆ ಕೊಂಡರೂ ಅಗ್ಗವಾಗದು. ಹಾಗೆಂದು ನಿಲ್ದಾಣಕ್ಕೆ ಹೋಗಿ ಕೊಂಡರಾಯಿತು ಎಂದು ಕೂತರೆ ಕೆಟ್ಟಿರಿ. ಬೆಳಿಗ್ಗೆ 9ರಿಂದ 11ರೊಳಗೆ ಹೋಗುವ, ಸಂಜೆ 5ರ ಮೇಲೆ ಮರಳುವ ರೈಲುಗಳು ವಾರಾಂತ್ಯದಲ್ಲಿ ಬೇಗ ತುಂಬುತ್ತವೆ. ಕಾರ್ಪುಸ್ ಕ್ರಿಸ್ತಿ ಎಂಬ ಕ್ಯಾಥೊಲಿಕ್ ಹಬ್ಬದ ಹೊತ್ತಿನಲ್ಲಂತೂ ಕೇಳುವುದೇ ಬೇಡ. ಮೊದಲು ಸಂಜೆಯ ಸೀಟು ಖಾಲಿ ಇದೆಯೇ ನೋಡಿ, ಆಮೇಲೆ ಬೆಳಗಿನದನ್ನು ಆರಿಸಿ. ಎರಡನ್ನೂ ‘ಇದಾ ಇ ವುಯೆಲ್ತಾ’, ಅಂದರೆ ಹೋಗಿಬರುವ ಟಿಕೆಟ್ ಆಗಿ ಒಟ್ಟಿಗೇ ಕೊಂಡರೆ ರಿಯಾಯಿತಿಯೂ ಸಿಗುತ್ತದೆ. ಬುಕಿಂಗ್‌ನಲ್ಲಿ ಕೊಟ್ಟ ಪಾಸ್‌ಪೋರ್ಟ್ ಜೊತೆಗಿರಲಿ.

ರೈಲು ಹೊರಡುವುದು ಮ್ಯಾಡ್ರಿಡ್‌ನ ಪುಯೆರ್ತಾ ದೆ ಅತೋಚಾ ನಿಲ್ದಾಣದಿಂದ. ಮೆಟ್ರೋ 1ನೇ ಮಾರ್ಗದಲ್ಲಿ ‘ಅತೋಚಾ’ದಲ್ಲೇ ಇಳಿಯಿರಿ. ಪಕ್ಕದ ‘ಎಸ್ತಾಸಿಯೋನ್ ದೆಲ್ ಆರ್ತೆ’ಗೆ 2018ರವರೆಗೆ ಅತೋಚಾ ಎಂದೇ ಹೆಸರಿತ್ತು, ಹಳೆಯ ನಕ್ಷೆ ಹಿಡಿದವರು ಅಲ್ಲಿಳಿದು ಬ್ಯಾಗ್ ಹೊತ್ತು ನಡೆಯುತ್ತಾರೆ. ಒಳಗೆ ಸೆರ್ಕಾನಿಯಾಸ್ ಎಂಬ ಉಪನಗರ ರೈಲುಗಳ ಭಾಗವೇ ಬೇರೆ; ಅಲ್ಲಿಂದ ಟೊಲೆಡೊಗೆ ರೈಲಿಲ್ಲ. ವೇಗದ ರೈಲಿನ ಕಡೆ ಬ್ಯಾಗನ್ನು ಎಕ್ಸ್‌ರೇಗೆ ಹಾಕಬೇಕು, ಗೇಟು ರೈಲು ಹೊರಡುವ ಮೊದಲೇ ಮುಚ್ಚುತ್ತದೆ. ಅರ್ಧ ಗಂಟೆ ಮುಂಚೆ ಹೋದರೆ ನಿರಾಳ.

ಟೊಲೆಡೊ ನಿಲ್ದಾಣ 1919ರದು, ನವಮುದೇಹಾರ್ ಶೈಲಿಯ, ಅಂದರೆ ಸ್ಪೇನ್‌ನ ಹಳೆಯ ಇಸ್ಲಾಮಿಕ್ ಛಾಯೆಯ ಅಲಂಕಾರವನ್ನು ಮತ್ತೆ ತಂದ ಶೈಲಿಯ ಕಟ್ಟಡ. ಹೊರಗೆ ಓಡುವ ಮುನ್ನ ಟಿಕೆಟ್ ಹಾಲ್‌ನಲ್ಲಿ ಒಮ್ಮೆ ತಲೆಯೆತ್ತಿ ನೋಡಿ. ಹಳೆಯ ಊರು ತಾಹೋ ನದಿಯಾಚೆ, ಗುಡ್ಡದ ಮೇಲಿದೆ. ಅಲ್ಲಿನ ಮುಖ್ಯ ಚೌಕವಾದ ಸೊಕೊದೋವೆರ್‌ಗೆ ಸುಮಾರು ಒಂದೂವರೆ ಕಿಲೋಮೀಟರು, ಕೊನೆಯದೆಲ್ಲ ಏರು. ಅಲ್ಕಾಂತರಾ ಸೇತುವೆ ದಾಟಿ ನಡೆದರೆ ನೋಟ ಚೆಂದ, ಮೊಣಕಾಲಿಗೆ ಕಷ್ಟ. ಏರು ಬೇಡವಾದರೆ ಸಾಫೋಂತ್ ಎಸ್ಕಲೇಟರ್ ಹತ್ತಿ, ಅದು ಚೌಕದ ಸಮೀಪದ ಮಿರಾದೇರೊ ಬಳಿ ಬಿಡುತ್ತದೆ. ರೆಕಾರೇದೊ ಎಸ್ಕಲೇಟರ್ ಊರಿನ ಇನ್ನೊಂದು ಮಗ್ಗುಲಿನದು, ರೈಲಿನವರಿಗೆ ಸುತ್ತು. ಮಂಡಿ ನೋವಿದ್ದವರಿಗೆ ನಿಲ್ದಾಣದೆದುರಿನ ಸಿಟಿ ಬಸ್ಸೇ ಸರಿ.

ಟೊಲೆಡೊ ಕತ್ತಿ, ಚಾಕುಗಳಿಗೆ ಹೆಸರುವಾಸಿ. ಕೊಳ್ಳುವುದಾದರೆ ಅಂಗಡಿಯವರಿಂದಲೇ ಪಾರ್ಸಲ್ ಮಾಡಿಸಿ. ಬ್ಯಾಗಿನಲ್ಲಿಟ್ಟರೆ ರೈಲು ಹತ್ತುವಾಗ ತಪಾಸಣೆಯಲ್ಲಿ ಸಿಕ್ಕಿಬೀಳುತ್ತದೆ.

ವಾಪಸ್ ಸೀಟೇ ಸಿಗದಿದ್ದರೆ ಮ್ಯಾಡ್ರಿಡ್‌ನ ಪ್ಲಾಸಾ ಎಲಿಪ್ತಿಕಾಗೆ ಹೋಗುವ ಬಸ್ ಹಿಡಿಯಿರಿ. ನೇರ ಬಸ್ಸಿಗೆ ಗಂಟೆ ಸಾಕು. ಊರೂರಿಗೆ ನಿಲ್ಲುವ ಬಸ್ಸಾದರೆ ಒಂದೂವರೆ ಗಂಟೆ, ಹತ್ತುವ ಮೊದಲೇ ಡ್ರೈವರ್ ಹತ್ತಿರ ಕೇಳಿಕೊಳ್ಳಿ.