ಹೋಟೆಲ್ ನೌಕರರ ತಲ್ಲೀನತೆಯನ್ನು ಅಳೆಯುವುದು ಹೇಗೆ

ಬೆಳಗಿನ ಜನಜಂಗುಳಿಯಲ್ಲಿ ಕಾವಲಿಯ ಮುಂದೆ ನಿಂತ ದೋಸೆ ಭಟ್ಟರಿಗೆ ಸುತ್ತಲಿನ ಗದ್ದಲ ಕೇಳಿಸದಿರಬಹುದು. ಹಿಟ್ಟು ಹರಡುವ ಕೈ, ಅಂಚು ಕೆಂಪಾಗುವುದನ್ನು ಕಾಯುವ ಕಣ್ಣು, ಮುಂದಿನ ಟೋಕನ್ನಿನ ಲೆಕ್ಕ ಇವೆಲ್ಲ ಒಂದೇ ಓಟದಲ್ಲಿ ಸಾಗುತ್ತಿರುತ್ತವೆ. ಮನೋವಿಜ್ಞಾನಿ ಮಿಹಾಯ್ ಚಿಕ್‌ಸೆಂಟ್‌ಮಿಹಾಯಿ 1970ರ ದಶಕದಲ್ಲಿ ‘ಫ್ಲೋ’ ಎಂದು ಕರೆದ ಈ ಸ್ಥಿತಿಯನ್ನು ಕನ್ನಡದಲ್ಲಿ ತಲ್ಲೀನತೆ ಎನ್ನಬಹುದು. ಗುರಿ ಸ್ಪಷ್ಟವಾಗಿದ್ದು, ಮಾಡಿದ್ದರ ಫಲ ಕೂಡಲೇ ಕಣ್ಣಿಗೆ ಬಿದ್ದು, ಕೆಲಸದ ಸವಾಲು ಕೌಶಲಕ್ಕೆ ಸರಿಸಮನಾಗಿದ್ದಾಗ ಅದು ಮೂಡುತ್ತದೆ. ಎಷ್ಟು ಪ್ಲೇಟು ಹೋಯಿತು, ಎಷ್ಟು ಕೋಣೆ ಸಿದ್ಧವಾಯಿತು ಎಂಬ ಎಣಿಕೆಯಿಂದ ಇದು ತಿಳಿಯುವುದಿಲ್ಲ. ಕೆಲಸ ಮಾಡಿದವರನ್ನೇ ಕೇಳಬೇಕು.

ಕೇಳುವುದಕ್ಕೆ ಸಿದ್ಧ ಸಾಧನಗಳಿವೆ. ಮನೋವಿಜ್ಞಾನಿ ಆರ್ನಾಲ್ಡ್ ಬಕ್ಕರ್ 2008ರಲ್ಲಿ ಪ್ರಕಟಿಸಿದ ಪ್ರಶ್ನಾವಳಿಯಲ್ಲಿ 13 ಹೇಳಿಕೆಗಳಿವೆ. ಅವುಗಳಲ್ಲಿ 4 ತನ್ಮಯತೆಗೆ, 4 ಕೆಲಸದಲ್ಲಿ ಕಾಣುವ ಸಂತೋಷಕ್ಕೆ, 5 ಆಂತರಿಕ ಪ್ರೇರಣೆಗೆ ಸಂಬಂಧಿಸಿದವು. ಕಳೆದ ಎರಡು ವಾರಗಳನ್ನು ನೆನೆದು, ‘ಎಂದೂ ಇಲ್ಲ’ ಎಂಬುದಕ್ಕೆ 1ರಿಂದ ‘ಯಾವಾಗಲೂ’ ಎಂಬುದಕ್ಕೆ 7ರವರೆಗೆ ಅಂಕ ಕೊಡಬೇಕು. ಹೋಟೆಲಿಗೆ ಇದು ಒಳ್ಳೆಯ ಆರಂಭ. ಆದರೆ ಅದನ್ನು ಇದ್ದ ಹಾಗೆಯೇ ಕನ್ನಡಕ್ಕೆ ಇಳಿಸಿ ಹಂಚುವುದನ್ನು ನಾನು ಒಪ್ಪುವುದಿಲ್ಲ.

ತೊಡಕು ಇರುವುದು ಮಾತಿನಲ್ಲಿ. ‘ಮೈಮರೆತು ಕೆಲಸ ಮಾಡುತ್ತೇನೆ’ ಎಂಬ ಹೇಳಿಕೆಯನ್ನು ಅಡುಗೆಮನೆಯವರ ಮುಂದಿಟ್ಟರೆ ಅವರು ಅದನ್ನು ಆರೋಪವೆಂದು ಓದಿಕೊಳ್ಳುವ ಸಾಧ್ಯತೆಯಿದೆ, ಏಕೆಂದರೆ ಕುದಿಯುವ ಎಣ್ಣೆಯ ಮುಂದೆ ಮೈಮರೆಯುವುದೆಂದರೆ ಎಚ್ಚರ ತಪ್ಪುವುದು ಎಂದೇ ಅರ್ಥ. ‘ಗಮನವೆಲ್ಲ ಕೈಯಲ್ಲಿದ್ದ ಕೆಲಸದ ಮೇಲೆಯೇ ಇತ್ತು’ ಎಂದು ಬರೆಯುವುದು ಕ್ಷೇಮ. ‘ಹೊತ್ತು ಹೋದದ್ದೇ ಗೊತ್ತಾಗಲಿಲ್ಲ’ ಎಂಬುದಕ್ಕೂ ಎರಡು ಮುಖಗಳಿವೆ: ಕೆಲಸ ಹಿಡಿಸಿದವರೂ ಹಾಗೆನ್ನುತ್ತಾರೆ, ನೀರು ಕುಡಿಯಲೂ ಬಿಡುವು ಸಿಗದವರೂ ಹಾಗೆನ್ನುತ್ತಾರೆ. ಆದ್ದರಿಂದ ಅದರ ಪಕ್ಕದಲ್ಲೇ ‘ಆಗ ಕೆಲಸ ನನ್ನ ಹಿಡಿತದಲ್ಲಿತ್ತು’ ಎಂಬ ಇನ್ನೊಂದು ಹೇಳಿಕೆಯನ್ನು ಸೇರಿಸಿ, ಎರಡನ್ನೂ ಜೊತೆಯಾಗಿ ಓದಬೇಕು.

ಸಂಬಳ ಕಡಿಮೆಯಾದರೂ ಇದೇ ಕೆಲಸ ಮಾಡುತ್ತೇನೆ ಎಂಬ ಅರ್ಥದ ಹೇಳಿಕೆಯೊಂದು ಮೂಲದಲ್ಲಿದೆ. ಟಿಪ್ಸ್ ಸೇರಿಸಿ ತಿಂಗಳು ದೂಡುವ ಸಪ್ಲೈಯರ್ ಒಬ್ಬರ ಕೈಗೆ ಮಾಲೀಕರ ಕಡೆಯಿಂದ ಇಂಥ ಕಾಗದ ಬಂದರೆ, ಸಂಬಳ ಕಡಿತದ ಮುನ್ಸೂಚನೆಯಂತೆ ಕಾಣದೆ ಇರುವುದೇ? ಬಿಡುವಿನ ವೇಳೆಯಲ್ಲೂ ಕೆಲಸ ಮಾಡಬೇಕೆನಿಸುತ್ತದೆ ಎಂಬುದೂ ಹೀಗೆಯೇ. ಮಧ್ಯಾಹ್ನ ಬಿಟ್ಟು ಸಂಜೆ ಮತ್ತೆ ಕರೆಯುವ ಬ್ರೇಕ್ ಶಿಫ್ಟಿನವರಿಗೆ ಬಿಡುವು ಯಾವುದೆಂಬುದೇ ಸ್ಪಷ್ಟವಿರುವುದಿಲ್ಲ. ಇವನ್ನು ಬದಲಿಸಿದರೆ ಅಥವಾ ಕೈಬಿಟ್ಟರೆ ಹಾಗೆಂದು ವರದಿಯಲ್ಲಿ ಹೇಳಬೇಕು, ಏಕೆಂದರೆ ಆಮೇಲೆ ಆ ಅಂಕಗಳನ್ನು ಬೇರೆ ದೇಶಗಳ ಅಂಕಗಳೊಂದಿಗೆ ನೇರವಾಗಿ ಹೋಲಿಸಲಾಗುವುದಿಲ್ಲ. ಅನುವಾದವನ್ನು ಮೂಲ ನೋಡದ ಇನ್ನೊಬ್ಬರಿಂದ ಇಂಗ್ಲಿಷಿಗೆ ಮರಳಿ ಮಾಡಿಸಿ ತಾಳೆ ನೋಡಬೇಕು. ಹೊರರಾಜ್ಯಗಳಿಂದ ಬಂದವರು ತಂಡದಲ್ಲಿದ್ದರೆ ಅವರ ಭಾಷೆಗೂ ಇದೇ ಕ್ರಮ. ಓದಲು ತೊಡಕಾಗುವವರಿಗೆ ಓದಿ ಹೇಳುವ ವ್ಯಕ್ತಿ ಅವರ ಮೇಲ್ವಿಚಾರಕರಾಗಿರಬಾರದು.

ಎರಡು ವಾರಗಳ ನೆನಪಿಗಿಂತ ಆ ಹೊತ್ತಿನ ಮಾತು ಹೆಚ್ಚು ನಂಬಲರ್ಹ ಎಂಬುದು ನನ್ನ ಅಭಿಪ್ರಾಯ. ಚಿಕ್‌ಸೆಂಟ್‌ಮಿಹಾಯಿ ಅವರ ತಂಡ ಜನರಿಗೆ ಪೇಜರ್ ಕೊಟ್ಟು, ದಿನದ ಅನಿರೀಕ್ಷಿತ ಗಳಿಗೆಗಳಲ್ಲಿ ಅದು ಸದ್ದು ಮಾಡಿದಾಗಲೆಲ್ಲ ಆಗಿನ ಅನುಭವವನ್ನು ಬರೆಸಿಕೊಳ್ಳುತ್ತಿತ್ತು. ಅದೇ ವಿಧಾನದಿಂದ 1989ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಬಿಡುವಿನ ವೇಳೆಗಿಂತ ಕೆಲಸದ ವೇಳೆಯಲ್ಲೇ ತಲ್ಲೀನತೆಯ ಗಳಿಗೆಗಳು ಹೆಚ್ಚು ಕಂಡವು. ಆದರೆ ಅತಿಥಿಯ ಎದುರು ನಿಂತ ರಿಸೆಪ್ಷನಿಸ್ಟ್ ಮೊಬೈಲ್ ತೆಗೆಯುವಂತಿಲ್ಲ, ತಟ್ಟೆ ಹಿಡಿದು ನಡೆಯುತ್ತಿರುವವರು ನಿಲ್ಲುವಂತೆಯೂ ಇಲ್ಲ. ಅದಕ್ಕೆ ಬದಲಾಗಿ ಒಂದೊಂದು ಕೆಲಸದ ತುಂಡು ಮುಗಿದ ಕೂಡಲೇ, ಅಂದರೆ ತಿಂಡಿಯ ವೇಳೆ ಮುಗಿದಾಗ, ಚೆಕ್‌ಔಟ್ ನೂಕುನುಗ್ಗಲು ಇಳಿದಾಗ, ಪಾಳಿ ಒಪ್ಪಿಸುವಾಗ, ನಾಲ್ಕೈದು ಪ್ರಶ್ನೆಗಳ ಸಣ್ಣ ಚೀಟಿಯನ್ನು ಒಂದು ವಾರ ತುಂಬಿಸಿಕೊಳ್ಳಬಹುದು. ಆ ವೇಳೆಯಲ್ಲಿ ಏನು ಮಾಡುತ್ತಿದ್ದಿರಿ, ಸವಾಲು ಎಷ್ಟಿತ್ತು, ನಿಮ್ಮ ಕೌಶಲ ಎಷ್ಟು ಬಳಕೆಯಾಯಿತು, ಗಮನ ಎಷ್ಟಿತ್ತು ಎಂಬಷ್ಟೇ ಸಾಕು. ಚೀಟಿ ತುಂಬುವ ಸಮಯವನ್ನೂ ಪಾಳಿಯೊಳಗೇ ಲೆಕ್ಕ ಹಾಕಬೇಕು.

ಲೆಕ್ಕ ಮಾಡುವಾಗ ಪ್ರತಿಯೊಬ್ಬರನ್ನೂ ಅವರದೇ ಸರಾಸರಿಯೊಂದಿಗೆ ಹೋಲಿಸಬೇಕು. ಕೋಣೆ ಶುಚಿ ಮಾಡುವ ಒಬ್ಬರ ವಾರದ ಸರಾಸರಿ ಸವಾಲು 4, ಕೌಶಲ 5 ಆಗಿದ್ದು, ಒಂದು ಪಾಳಿಯಲ್ಲಿ ಅವು ಕ್ರಮವಾಗಿ 6 ಮತ್ತು 7 ಆಗಿದ್ದರೆ ಆ ಹೊತ್ತಿನಲ್ಲಿ ತಲ್ಲೀನತೆಗೆ ಅನುಕೂಲವಿತ್ತು ಎನ್ನಬಹುದು. ಸವಾಲು ಮಾತ್ರ ಏರಿ ಕೌಶಲ ಇಳಿದಿದ್ದರೆ ಅದು ಆತಂಕದ ಗುರುತು. 30 ಜನರಿಂದ ತಲಾ 20 ಚೀಟಿ ಬಂದಾಗ 600 ಉತ್ತರಗಳು ಕೈಗೆ ಸಿಗುತ್ತವೆ, ಆದರೆ ಅವು 600 ಜನರ ಉತ್ತರಗಳಲ್ಲ. ಮೊದಲು ತಲಾ ಸರಾಸರಿ ತೆಗೆಯಬೇಕು, ಇಲ್ಲವೇ ಬಹುಸ್ತರ ವಿಶ್ಲೇಷಣೆ (ಒಬ್ಬರದೇ ಹಲವು ಉತ್ತರಗಳನ್ನು ಒಂದು ಗುಂಪಾಗಿ ಪರಿಗಣಿಸುವ ಲೆಕ್ಕ) ಬಲ್ಲವರ ನೆರವು ಪಡೆಯಬೇಕು. ಪ್ರಶ್ನಾವಳಿಯ ಮೂರು ಭಾಗಗಳಿಗೂ ಪ್ರತ್ಯೇಕವಾಗಿ ಕ್ರೋನ್‌ಬಾಕ್ ಆಲ್ಫಾ, ಅಂದರೆ ಒಂದು ಭಾಗದ ಹೇಳಿಕೆಗಳಿಗೆ ಬಂದ ಉತ್ತರಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂಬ ಅಳತೆ, ನೋಡುವುದು ವಾಡಿಕೆ, 0.70ಕ್ಕಿಂತ ಕೆಳಗಿದ್ದರೆ ಹೇಳಿಕೆಗಳನ್ನು ಮತ್ತೆ ಪರಿಶೀಲಿಸಬೇಕು.

ವಿಭಾಗಗಳನ್ನು ಒಟ್ಟಿಗೆ ಕಲಸಬಾರದು. ಭಟ್ಟರಿಗೆ ಫಲ ಕಾವಲಿಯ ಮೇಲೆಯೇ ಕಾಣುತ್ತದೆ, ಹೌಸ್‌ಕೀಪಿಂಗಿನವರಿಗೆ ದೂರು ಬಂದಾಗ ಮಾತ್ರ ತಿಳಿಯುವುದುಂಟು. ರಿಸೆಪ್ಷನ್ನಿನವರು ಸಿಟ್ಟಾದ ಅತಿಥಿಯೆದುರು ನಗುಮುಖ ಹೊರಬೇಕಾದ್ದರಿಂದ, ಆ ಭಾವಶ್ರಮದ ಬಗ್ಗೆ ಒಂದು ಪ್ರಶ್ನೆಯನ್ನು ಅವರಿಗಾಗಿ ಸೇರಿಸಲೇಬೇಕು. ಹೆಸರಿನ ಬದಲು ಅವರೇ ಆರಿಸಿದ ಗುರುತಿನ ಸಂಖ್ಯೆ ಇರಲಿ, ಮುಚ್ಚಿದ ಪೆಟ್ಟಿಗೆಯ ಬೀಗದ ಕೈ ಹೋಟೆಲಿನ ಹೊರಗಿನವರ ಬಳಿ ಇರಲಿ, ಮೂವರೇ ಇರುವ ವಿಭಾಗದ ಅಂಕವನ್ನು ಬಿಡಿಯಾಗಿ ತೋರಿಸದಿರಲಿ. ಈ ಅಂಕಗಳನ್ನು ಬಡ್ತಿಗಾಗಲಿ ಸಂಬಳಕ್ಕಾಗಲಿ ಬಳಸಿದರೆ ಮುಂದಿನ ಸಲ ಎಲ್ಲರೂ 7 ಬರೆಯುವುದು ಖಂಡಿತ.

ಪಾಳಿಯನ್ನೋ ತರಬೇತಿಯನ್ನೋ ಬದಲಿಸಿದ ಮೇಲೆ ಎರಡನೆಯ ಬಾರಿ ಅಳೆಯುವುದಾದರೆ ಮೊದಲಿನಷ್ಟೇ ಗಿರಾಕಿಗಳಿರುವ ವಾರವನ್ನು ಆರಿಸಬೇಕು. ಮೈಸೂರಿನ ಹೋಟೆಲೊಂದು ಮದುವೆಗಳಿಲ್ಲದ ಆಷಾಢದಲ್ಲಿ ತೆಗೆದ ಅಂಕಗಳನ್ನು ದಸರೆಯ ಅಂಕಗಳ ಪಕ್ಕಕ್ಕಿಟ್ಟರೆ, ಕಾಣುವ ವ್ಯತ್ಯಾಸ ತರಬೇತಿಯಿಂದ ಬಂದದ್ದೋ ಜನಸಂದಣಿಯಿಂದ ಬಂದದ್ದೋ ಬಿಡಿಸಿ ಹೇಳಲಾಗುವುದಿಲ್ಲ.