ಲೈಬ್ರರಿ ಕಾರ್ಡ್ ಇದ್ದರೆ ಪೇಪರ್ ಆಪ್‌ಗೆ ರೊಕ್ಕ ಯಾಕೆ?

ಹೋದ ತಿಂಗಳು ಅಣ್ಣನ ಮಗ ಫೋನ್ ಮಾಡಿದ್ದ. ಕಲಬುರಗಿಯಲ್ಲಿ ರೂಮ್ ಮಾಡಿಕೊಂಡು ಎಂ.ಎ. ಓದುತ್ತಿದ್ದಾನೆ, ಜೊತೆಗೆ ಕೆಎಎಸ್‌ಗೂ ತಯಾರಿ ನಡೆಸಿದ್ದಾನೆ. ‘ಕಾಕಾ, ಎರಡು ಸುದ್ದಿ ಓದಿದ್ ಕೂಡ್ಲೇ ಆಪ್ ರೊಕ್ಕ ಕೇಳ್ತದ. ಮೂರು ಪೇಪರ್‌ಗೂ ವರ್ಷದ ಚಂದಾ ಕಟ್ಟಲೇನು?’ ಅಂದ. ‘ಕಟ್ಟಬ್ಯಾಡ, ಮೊದಲು ನಿಮ್ಮ ಲೈಬ್ರರಿಗೆ ಹೋಗಿ ಕೇಳು’ ಅಂದೆ. ಅವನಿಗೆ ಹೇಳಿದ್ದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ನಿಮ್ಮ ಫೀಸಿನ ರಸೀದಿ ತೆಗೆದು ನೋಡಿ. ಗ್ರಂಥಾಲಯ ಶುಲ್ಕ ಅಂತ ಸಾಮಾನ್ಯವಾಗಿ ಒಂದು ಸಾಲು ಇರುತ್ತದೆ. ಅಂದರೆ ಲೈಬ್ರರಿ ತರಿಸುವ ಪೇಪರ್‌ಗೆ ನೀವು ಆಗಲೇ ದುಡ್ಡು ಕೊಟ್ಟಿದ್ದೀರಿ. ಅದನ್ನು ಕೇಳಿ ಪಡೆಯುವುದಕ್ಕೆ ಸಂಕೋಚ ಬೇಡ.

ಮೊದಲು ಕಾರ್ಡ್, ಆಮೇಲೆ ಪಟ್ಟಿ

ಸದಸ್ಯತ್ವದ ಕಾರ್ಡ್ ಇನ್ನೂ ಮಾಡಿಸಿಲ್ಲವಾದರೆ ಈ ವಾರವೇ ಮಾಡಿಸಿ. ಗುರುತಿನ ಚೀಟಿ, ಫೀಸಿನ ರಸೀದಿ, ಫೋಟೊ ಜೊತೆಗಿರಲಿ. ನಿಮ್ಮದು ಯಾವ ವಿಶ್ವವಿದ್ಯಾಲಯ ಅನ್ನುವುದೂ ಸರಿಯಾಗಿ ಗೊತ್ತಿರಲಿ. 1980ರಲ್ಲಿ ಶುರುವಾದ ಗುಲಬರ್ಗಾ ವಿಶ್ವವಿದ್ಯಾಲಯದ ಕೆಳಗೆ ಮೊದಲು ಈ ಭಾಗದ ಎಲ್ಲ ಜಿಲ್ಲೆಗಳೂ ಇದ್ದವು. ಈಗ ಯಾದಗಿರಿಯ ಕಾಲೇಜುಗಳು ರಾಯಚೂರಿನ ವಿಶ್ವವಿದ್ಯಾಲಯಕ್ಕೆ, ಬೀದರಿನವು ಬೀದರ್ ವಿಶ್ವವಿದ್ಯಾಲಯಕ್ಕೆ ಸೇರಿವೆ. ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದ್ದು ಬೇರೆಯೇ ವ್ಯವಸ್ಥೆ. ಒಂದರ ಲಾಗಿನ್ ಇನ್ನೊಂದರಲ್ಲಿ ನಡೆಯುವುದಿಲ್ಲ.

ಕಾರ್ಡ್ ಕೈಗೆ ಬಂದ ಮೇಲೆ ಗ್ರಂಥಪಾಲಕರನ್ನು ಎರಡು ಪ್ರಶ್ನೆ ಕೇಳಿ. ಯಾವ ಪೇಪರ್, ಯಾವ ಮ್ಯಾಗಜಿನ್ ಆನ್‌ಲೈನ್‌ನಲ್ಲಿ ಸಿಗುತ್ತವೆ? ಪ್ರೆಸ್‌ರೀಡರ್ ಅಥವಾ ಮ್ಯಾಗ್‌ಸ್ಟರ್ ತರಹದ ಸೇವೆ ತಗೊಂಡಿದ್ದೀರಾ? ಇವುಗಳಲ್ಲಿ ಒಂದೇ ಆಪ್‌ನಲ್ಲಿ ರಾಶಿ ಪತ್ರಿಕೆಗಳು ಇರುತ್ತವೆ. ‘ಇಲ್ಲ’ ಅಂದರೆ ಸುಮ್ನೆ ವಾಪಸ್ ಬರಬೇಡಿ. ನಿಮಗೆ ಬೇಕಾದ ಪೇಪರಿನ ಹೆಸರು ಬರೆದು, ನಾಲ್ಕೈದು ಜನ ಸಹಿ ಮಾಡಿ ಮನವಿ ಕೊಡಿ. ಮುಂದಿನ ವರ್ಷ ಯಾವುದನ್ನು ತರಿಸಬೇಕು ಎಂದು ಲೆಕ್ಕ ಹಾಕುವಾಗ ಅಂಥ ಕಾಗದ ಅವರಿಗೂ ಬೇಕಾಗುತ್ತದೆ.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. 2025ರ ಜನವರಿ 1ರಿಂದ ಕೇಂದ್ರ ಸರ್ಕಾರದ ‘ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್’ ಬಂದಿದೆ. ಅದರಲ್ಲಿ 30 ಪ್ರಕಾಶಕರ ಸುಮಾರು 13 ಸಾವಿರ ಜರ್ನಲ್‌ಗಳು ಸರ್ಕಾರಿ ವಿಶ್ವವಿದ್ಯಾಲಯ, ಕಾಲೇಜುಗಳಿಗೆ ಸಿಗುತ್ತವೆ. ಅವು ಸಂಶೋಧನೆಯ ಪತ್ರಿಕೆಗಳು. ದಿನಪತ್ರಿಕೆಗೆ ಅದನ್ನು ನೆಚ್ಚಿಕೊಳ್ಳಬೇಡಿ.

ಕ್ಯಾಂಪಸ್ ಒಳಗೆ ಸುಲಭ, ಹೊರಗೆ ತೊಡಕು

ಜಾಸ್ತಿ ಮಂದಿ ಸೋತು ಕೈಬಿಡುವುದು ಇಲ್ಲೇ. ಆದ್ದರಿಂದ ಇದು ಹೇಗೆ ನಡೆಯುತ್ತದೆ ಅಂತ ತಿಳಿದುಕೊಳ್ಳಿ. ಪ್ರತಿ ಇಂಟರ್ನೆಟ್ ಸಂಪರ್ಕಕ್ಕೂ ಐಪಿ ಎಂಬ ನಂಬರ್ ಇರುತ್ತದೆ. ಚಂದಾ ಕಟ್ಟುವಾಗ ವಿಶ್ವವಿದ್ಯಾಲಯ ತನ್ನ ನಂಬರ್‌ಗಳನ್ನು ಪ್ರಕಾಶಕರಿಗೆ ಕೊಟ್ಟಿರುತ್ತದೆ. ಆ ನಂಬರಿನಿಂದ ಯಾರೇ ಬಂದರೂ ಪೇಪರ್ ತೆರೆದುಕೊಳ್ಳುತ್ತದೆ. ಹಾಗಾಗಿ ಕ್ಯಾಂಪಸ್ ವೈಫೈ ಹಿಡಿದರೆ ಸಾಕು. ಮೊಬೈಲ್ ಡೇಟಾ ಮಾತ್ರ ಆಫ್ ಮಾಡಿ. ಅದು ಆನ್ ಇದ್ದು ವೈಫೈ ವೀಕ್ ಆದರೆ ಫೋನ್ ತಾನಾಗಿ ಡೇಟಾಕ್ಕೆ ಜಿಗಿಯುತ್ತದೆ. ಆಗ ಲೈಬ್ರರಿಯಲ್ಲೇ ಕುಳಿತಿದ್ದರೂ ‘ಚಂದಾ ಕಟ್ಟಿ’ ಅಂತ ಬರುತ್ತದೆ.

ರೂಮಿನಿಂದಲೋ ಊರಿನಿಂದಲೋ ಓದಬೇಕಾದರೆ ದೂರದ ಲಾಗಿನ್ ಬೇಕು. ನಮ್ಮ ದೇಶದ ಲೈಬ್ರರಿಗಳು ಇದಕ್ಕೆ ಮೈಲಾಫ್ಟ್, ನಿಂಬಸ್, ರಿಮೋಟ್‌ಎಕ್ಸ್ ತರಹದ ಸೇವೆ ಬಳಸುತ್ತವೆ. ವಿಶ್ವವಿದ್ಯಾಲಯಗಳ ಲೈಬ್ರರಿಗಳನ್ನು ಜೋಡಿಸುವ ಗಾಂಧಿನಗರದ ಕೇಂದ್ರ ಇನ್‌ಫ್ಲಿಬ್‌ನೆಟ್ ನಡೆಸುವ ಇನ್‌ಫೆಡ್ ಕೂಡ ಇದೆ. ಯಾವುದಿದೆ ಅಂತ ಕೇಳಿ, ನಿಮ್ಮ ಹೆಸರು ಸೇರಿಸಲು ಹೇಳಿ. ಪಾಸ್‌ವರ್ಡನ್ನು ಕ್ಯಾಂಪಸ್‌ನಲ್ಲಿ ಇರುವಾಗಲೇ ಒಮ್ಮೆ ಹಾಕಿ ನೋಡಿ. ಸೇಡಂಗೋ ಆಳಂದಕ್ಕೋ ಹೋದ ಮೇಲೆ ತಪ್ಪು ಅಂತ ತೋರಿಸಿದರೆ ಮತ್ತೆ ಬಸ್ ಹತ್ತಬೇಕಾಗುತ್ತದೆ ಅಲ್ವಾ?

ಇನ್ನೊಂದು ಮಾತು. ಲಾಗಿನ್ ಆದ ಮೇಲೆ ಪೇಪರಿನ ಆಪ್ ಅನ್ನು ಬೇರೆಯಾಗಿ ತೆರೆಯಬೇಡಿ. ಲೈಬ್ರರಿಯ ಪುಟದಲ್ಲಿರುವ ಲಿಂಕ್ ಒತ್ತಿಯೇ ಒಳಗೆ ಹೋಗಿ. ನಮ್ಮ ಹುಡುಗನದು ಇದೇ ತಪ್ಪಾಗಿತ್ತು. ಎರಡು ದಿನ ಒದ್ದಾಡಿ, ಮೂರನೇ ದಿನ ಸರಿಹೋಯಿತು.

ಸಿಕ್ಕಿತು ಅಂತ ಇಡೀ ತಿಂಗಳ ಸಂಚಿಕೆಗಳನ್ನು ಒಟ್ಟಿಗೆ ಇಳಿಸಿಕೊಂಡು ವಾಟ್ಸ್‌ಆಪ್ ಗ್ರೂಪಿಗೆ ಹಾಕಬೇಡಿ. ಹಾಗೆ ರಾಶಿ ಇಳಿಸಿದರೆ ಪ್ರಕಾಶಕರು ವಿಶ್ವವಿದ್ಯಾಲಯದ ನಂಬರನ್ನೇ ತಡೆಯಬಹುದು. ಒಬ್ಬರು ಮಾಡಿದ್ದಕ್ಕೆ ಎಲ್ಲರಿಗೂ ಬಂದ್. ಬೇಕಾದ ಸುದ್ದಿಯಷ್ಟನ್ನೇ ನೋಟ್ ಮಾಡಿಕೊಳ್ಳಿ.

ಆಪ್ ಚಂದಾ ಆಗಲೇ ಕಟ್ಟಿದ್ದರೆ ಯುಪಿಐ ಆಪ್‌ನ ಆಟೊಪೇ ಪಟ್ಟಿಯಲ್ಲಿ ಅದನ್ನು ರದ್ದು ಮಾಡಿ. ಆಪ್ ಡಿಲೀಟ್ ಮಾಡಿದ ಮಾತ್ರಕ್ಕೆ ಹಣ ಕಡಿತ ನಿಲ್ಲುವುದಿಲ್ಲ.

ಹಳೆ ಪೇಪರ್ ಹುಡುಕುವವರಿಗೆ

ನನಗೆ ತುಂಬಾ ಇಷ್ಟವಾದ ಭಾಗ ಇದು. ಹಳೆಯ ಸಂಚಿಕೆಗಳನ್ನು ಲೈಬ್ರರಿಗಳು ಬೈಂಡ್ ಮಾಡಿ ಇಟ್ಟಿರುತ್ತವೆ. ಯಾವ ಪೇಪರ್, ಯಾವ ವರ್ಷದಿಂದ ಇದೆ ಎಂದು ಕೇಳಿ, ಚೀಟಿಯಲ್ಲಿ ತಾರೀಖು ಬರೆದುಕೊಟ್ಟರೆ ತೆಗೆದುಕೊಡುತ್ತಾರೆ. ಪುಟ ತಿರುವುವಾಗ ನಿಧಾನ ಇರಲಿ, ಹಳೆ ಕಾಗದ ಮುರಿಯುತ್ತದೆ.

ಕಂಪ್ಯೂಟರಿನಲ್ಲಿ ಹುಡುಕುವಾಗ ನಮ್ಮ ಊರಿನ ಹೆಸರೇ ಅಡ್ಡ ಬರುತ್ತದೆ. 2014ರ ನವೆಂಬರ್ 1ಕ್ಕೆ ಗುಲಬರ್ಗಾ ಹೋಗಿ ಕಲಬುರಗಿ ಆಯಿತು. 2019ರಲ್ಲಿ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕ ಆಯಿತು. ಆದ್ದರಿಂದ ಈ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಟ್ಟ ಸಂವಿಧಾನದ 371ಜೆ ವಿಧಿಯ ಬಗ್ಗೆ 2012–13ರ ಸುದ್ದಿ ಬೇಕಿದ್ದರೆ ‘ಕಲ್ಯಾಣ ಕರ್ನಾಟಕ’ ಅಂತ ಹುಡುಕಿದರೆ ಏನೂ ಸಿಗಲಿಕ್ಕಿಲ್ಲ. ಹಳೆ ಹೆಸರು ಹಾಕಿ. ಕನ್ನಡದಲ್ಲಿ ಗುಲಬರ್ಗಾ, ಗುಲ್ಬರ್ಗ ಎರಡೂ ಬಗೆಯಲ್ಲಿ ಬರೆಯುತ್ತಿದ್ದರು, ಎರಡನ್ನೂ ಹಾಕಿ ನೋಡಿ.

ಕೋರ್ಸ್ ಮುಗಿದ ಮೇಲೆ

ನೋ ಡ್ಯೂ ಸರ್ಟಿಫಿಕೇಟ್ ತಗೊಂಡ ಮೇಲೆ ಲಾಗಿನ್ ನಿಲ್ಲುತ್ತದೆ. ಸೇವ್ ಮಾಡಿಟ್ಟ ಲೇಖನಗಳ ಟಿಪ್ಪಣಿಯನ್ನು ಅದಕ್ಕೂ ಮುಂಚೆ ಬರೆದುಕೊಳ್ಳಿ. ಆಮೇಲೆ ಸಾರ್ವಜನಿಕ ಗ್ರಂಥಾಲಯ ಇದ್ದೇ ಇದೆ. ಅಲ್ಲಿ ಪೇಪರ್ ಓದಲು ಕಾರ್ಡ್ ಕೂಡ ಬೇಕಿಲ್ಲ. ಮನೆ ತೆರಿಗೆಯ ಜೊತೆ ರೂಪಾಯಿಗೆ 6 ಪೈಸೆಯಂತೆ ಗ್ರಂಥಾಲಯ ಕರ ಕಟ್ಟುತ್ತೇವೆ, ಅದು ಆ ಲೈಬ್ರರಿಗಳಿಗೇ ಹೋಗುವ ದುಡ್ಡು. ಬೆಳಿಗ್ಗೆ ಬೇಗ ಹೋಗಿ. ಉದ್ಯೋಗದ ಜಾಹೀರಾತು ಇರುವ ಪುಟಕ್ಕೆ ಹತ್ತು ಗಂಟೆಯ ಮೇಲೆ ಸರದಿ ಕಾಯಬೇಕಾಗುತ್ತದೆ.